ಪಿ.ಟಿ. ಪೀರಿಯಡ್: ಪಾಸಾಗಲು ಕಡ್ಡಾಯವೋ, ಇಷ್ಟವಿದ್ದವರಿಗೋ?

ಶಾಲೆಯ ಸಭೆಯಲ್ಲಿ ಈ ಪ್ರಶ್ನೆ ಬಂದರೆ ನೀವು ಯಾವ ಕಡೆ ಕೈ ಎತ್ತುತ್ತೀರಿ? ನಮ್ಮ ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ದೈಹಿಕ ಶಿಕ್ಷಣಕ್ಕೆ ಜಾಗವಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಮುಗಿಸಲು ಎರಡು ವರ್ಷದ ದೈಹಿಕ ಶಿಕ್ಷಣ ಬೇಕೇ ಬೇಕು.

ಇಷ್ಟವಿದ್ದವರಿಗೆ ಬಿಡೋಣ ಅನ್ನುವವರ ಮಾತು ಇದು: ನಮ್ಮ ಕೊಡಗಿನವರಿಗೆ ಆಟ ಹೇಳಿಕೊಡಬೇಕಾ? 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಬಹುದು. ನಿಜ. ಆದರೆ ಅದು ಮನೆತನದ ಆಟ, ಬೇಸಿಗೆ ರಜೆಯ ಆಟ. ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗಿಗೆ ಸ್ಟಿಕ್ ಕೊಡುವವರು ಯಾರು? ಅವಳಿಗೆ ಇರುವುದು ಶಾಲೆಯ ಮೈದಾನ ಒಂದೇ.

ಕಡ್ಡಾಯ ಮಾಡಿದರೆ ಆ ಪೀರಿಯಡ್ ಉಳಿಯುತ್ತದೆ. ನನ್ನ ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಗ ಜನವರಿಯಿಂದ ಪಿ.ಟಿ. ಪೂರ್ತಿ ಗಣಿತಕ್ಕೆ ಹೋಯಿತು. ಅವಳ ಕ್ಯಾನ್ವಾಸ್ ಶೂ ಮೇಲೆ ಒಣಗಿದ ಕೆಂಪು ಮಣ್ಣು ಮಾರ್ಚ್ ತನಕ ಹಾಗೇ ಇತ್ತು. ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು. ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕಡ್ಡಾಯದಲ್ಲೂ ತೊಡಕಿದೆ. ಜೂನ್‌ನಿಂದ ಆಗಸ್ಟ್ ತನಕ ನಮ್ಮ ಮೈದಾನಗಳಲ್ಲಿ ನೀರು ನಿಂತಿರುತ್ತದೆ. ಉಬ್ಬಸ ಇರುವ ಮಗುವನ್ನು ಓಟದಲ್ಲಿ ಫೇಲ್ ಮಾಡೋದು ಅನ್ಯಾಯ ಅಲ್ವಾ?

ನಾನು ಕಡ್ಡಾಯದ ಕಡೆ. ಆದರೆ ವೇಗಕ್ಕೆ ಅಂಕ ಬೇಡ, ಹಾಜರಾತಿ ಸಾಕು. ಮಳೆಗಾಲಕ್ಕೆ ಹಾಲ್‌ನಲ್ಲಿ ಯೋಗ, ಸ್ಕಿಪ್ಪಿಂಗ್ ಇರಲಿ. ಹಾಲ್ ಇಲ್ಲದಿದ್ದರೆ ವರಾಂಡವೂ ಆಗುತ್ತದೆ.