ಆಫೀಸ್ ಮೇಲ್‌ಗೆ ಡಿಫೆಂಡರ್ ಬೇಕಾ? ನನ್ನ ಪ್ರಕಾರ ಬೇಕು
ನಮ್ಮದು ಹನ್ನೆರಡು ಜನರ ಲೆಕ್ಕಪತ್ರದ ಆಫೀಸು. ಮೈಕ್ರೋಸಾಫ್ಟ್ 365ರಲ್ಲಿ ಸ್ಪ್ಯಾಮ್ ಮತ್ತು ಗೊತ್ತಿರುವ ವೈರಸ್ ತಡೆಯುವ ಫಿಲ್ಟರ್ ಮೊದಲೇ ಇದೆ, ಮತ್ತೆ ಮೇಲ್‌ಗೆ ಹೆಚ್ಚುವರಿ ರಕ್ಷಣೆ ಕೊಡುವ ಡಿಫೆಂಡರ್ ಫಾರ್ ಆಫೀಸ್ 365ಕ್ಕೆ ಸುಮ್ನೆ ದುಡ್ಡು ಯಾಕೆ ಅಂತ ತಿಂಗಳುಗಟ್ಟಲೆ ಮುಂದೂಡಿದ್ದೆ. ಆಮೇಲೆ ಪರಿಚಯದವರೊಬ್ಬರ ಆಫೀಸಿಗೆ 'ಬಾಕಿ ಬಿಲ್' ಅಂತ ಮೇಲ್‌ನಲ್ಲಿ ಒಂದು ಎಚ್‌ಟಿಎಂಎಲ್ ಫೈಲ್ (ಬ್ರೌಸರ್‌ನಲ್ಲಿ ತೆರೆಯುವ ವೆಬ್ ಪುಟ) ಬಂತು. ತೆರೆದರೆ ಥೇಟ್ ಅಸಲಿಯಂತೆ ಕಾಣುವ ನಕಲಿ ಲಾಗಿನ್ ಪುಟ, ಮೇಲ್ ಐಡಿ ಕೂಡ ತುಂಬಿಟ್ಟಿದ್ದಾರೆ, ಪಾಸ್‌ವರ್ಡ್ ಹೊಡೆಯುವುದೊಂದೇ ಬಾಕಿ! ಅದನ್ನು ನೋಡಿ ನಿಜಕ್ಕೂ ಭಯವಾಯಿತು.

ಡಿಫೆಂಡರ್‌ನ ಸೇಫ್ ಅಟ್ಯಾಚ್‌ಮೆಂಟ್ಸ್ ಎಂಬ ಸೌಲಭ್ಯ ಮೇಲ್ ಜೊತೆ ಬಂದ ಹೊಸ ಫೈಲನ್ನು ಬೇರೆಯೇ ವರ್ಚುವಲ್ ಯಂತ್ರದಲ್ಲಿ (ನಮ್ಮ ಕಂಪ್ಯೂಟರ್‌ಗೆ ಸಂಬಂಧವಿಲ್ಲದ ಪ್ರತ್ಯೇಕ ಜಾಗದಲ್ಲಿ) ತೆರೆದು, ಅದು ಏನು ಮಾಡುತ್ತದೆ ಅಂತ ನೋಡಿ ಆಮೇಲೆ ಕೊಡುತ್ತದೆ. ಕೆಲವು ನಿಮಿಷ ಹಿಡಿಯಬಹುದು. ಡೈನಾಮಿಕ್ ಡೆಲಿವರಿ ಆನ್ ಮಾಡಿದರೆ ಪತ್ರ ಮೊದಲು ಬರುತ್ತದೆ, ಫೈಲ್ ಆಮೇಲೆ. ಜಿಎಸ್‌ಟಿ ಕೊನೇ ದಿನಕ್ಕೂ ಅಷ್ಟು ಕಾಯಬಹುದು ಅಲ್ವಾ? ಮೈಕ್ರೋಸಾಫ್ಟ್ 365ರ ಬಿಸಿನೆಸ್ ಪ್ರೀಮಿಯಂ ಚಂದಾದಲ್ಲಿ ಡಿಫೆಂಡರ್‌ನ ಪ್ಲಾನ್ 1 ಸೇರಿಯೇ ಬರುತ್ತದೆ, ಡಿಫೆಂಡರ್ ಬೇರೆಯಾಗಿ ಕೊಳ್ಳುವ ಮೊದಲು ಎರಡೂ ದಾರಿಯ ಬೆಲೆ ಹೋಲಿಸಿ.