ಕಾಫಿ ಕಣದಲ್ಲಿ ಸ್ಕಾಟ್ಲೆಂಡಿನ ಕುಣಿತ: ಜೊತೆಗಾರರನ್ನು ಬಿಟ್ಟುಕೊಡಲು ಸಿದ್ಧರಾಗಿ ಹೋಗಿ

ಮೂಡಿಗೆರೆ ಕಡೆಯ ತೋಟವೊಂದರ ಹೋಂಸ್ಟೇಯಲ್ಲಿ ಶನಿವಾರ ಸಂಜೆ ಸ್ಕಾಟ್ಲೆಂಡಿನ ‘ಕೇಲಿ’ ಎಂಬ ಕೂಟದ ಕುಣಿತ ಕಲಿಸುತ್ತಾರೆ. ತಲಾ 600 ರೂಪಾಯಿ, ಕಡುಬು ಕಾಫಿ ಸೇರಿ. ಕೊಟ್ಟ ಹಣಕ್ಕೆ ಮೋಸವಿಲ್ಲ. ಸುತ್ತಿಗೊಮ್ಮೆ ಜೊತೆ ಬದಲಾಗಲೇಬೇಕೆಂಬ ಕಟ್ಟಳೆಯನ್ನು ಕಲಿಸುವಾಕೆ ಯಾರಿಗಾಗಿಯೂ ಸಡಿಲಿಸಲಿಲ್ಲ. ನನಗೆ ಹಿಡಿಸಿದ್ದೇ ಅದು.

ಮುಖ್ಯ ಪಾಠ ‘ಗೇ ಗೋರ್ಡನ್ಸ್’. 1794ರಲ್ಲಿ ಕಟ್ಟಿದ ಗೋರ್ಡನ್ ಹೈಲ್ಯಾಂಡರ್ಸ್ ಎಂಬ ಸೇನಾ ರೆಜಿಮೆಂಟಿನ ಹೆಸರು ಹೊತ್ತ ಕುಣಿತವಿದು. ನಡೆಯಲ್ಲೂ ಕವಾಯತಿನ ಗತ್ತಿದೆ. ಜೋಡಿಗಳು ಕಣದ ಸುತ್ತ ವೃತ್ತವಾಗಿ ನಿಲ್ಲುತ್ತವೆ. ಇಬ್ಬರ ಬಲಗೈ ಹೆಂಗಸಿನ ಭುಜದ ಮೇಲೆ, ಎಡಗೈ ಮುಂದೆ. ನಾಲ್ಕು ಹೆಜ್ಜೆ ನಡೆದು, ಕೈ ಬಿಡದೆ ನಿಂತಲ್ಲೇ ತಿರುಗಿ, ಅದೇ ದಿಕ್ಕಿನಲ್ಲಿ ನಾಲ್ಕು ಹೆಜ್ಜೆ ಹಿಂದಕ್ಕೆ ಇಡಬೇಕು. ತಿರುಗಿದ ಕೂಡಲೇ ಕಾಲು ಬಂದ ದಾರಿಗೇ ಎಳೆಯುತ್ತದೆ, ಸಾಲು ಕಲಸಿಹೋಗುತ್ತದೆ. ಕಲಿಸುವಾಕೆ ಸಂಗೀತ ನಿಲ್ಲಿಸಿ, ಒಬ್ಬೊಬ್ಬರ ಹೆಗಲು ಹಿಡಿದು ತಿರುಗಿಸಿ, “ಈಗ ಬೆನ್ನಿನ ಕಡೆಗೆ ನಡೆಯಿರಿ” ಎಂದರು. ಎಲ್ಲರಿಗೂ ಬಂತು. ಎದುರು ದಿಕ್ಕಿಗೂ ಹೀಗೆಯೇ ನಡೆದ ಮೇಲೆ ಹೆಂಗಸು ಜೊತೆಗಾರನ ಬಲಗೈ ಅಡಿಯಲ್ಲಿ ಗಿರ್ರನೆ ಸುತ್ತುತ್ತಾಳೆ. ಸಾಮಾನ್ಯ ಕ್ರಮದಲ್ಲಿ ಕೊನೆಗೆ ಇಬ್ಬರೂ ಪೋಲ್ಕಾ ಹೆಜ್ಜೆ ಹಾಕುತ್ತಾರೆ. ಜೊತೆ ಬದಲಿಸುವ ಕ್ರಮದಲ್ಲಿ ಆಕೆ ಮುಂದಿನವರ ಕೈಗೆ ದಾಟುತ್ತಾಳೆ. ಇಷ್ಟಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಗಂಡಸರು ಕಡಿಮೆ ಇದ್ದುದರಿಂದ ನಾನು ತೋಳಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಆ ಪಾತ್ರಕ್ಕೆ ನಿಂತೆ. ಕಾಲೇಜು ಹುಡುಗಿ, ಬೆಂಗಳೂರಿನ ನವವಧು, ನಿವೃತ್ತ ಟೀಚರ್, ನನ್ನ ಸೊಸೆ, ಒಬ್ಬರ ಹಿಂದೆ ಒಬ್ಬರು ನನ್ನ ಕೈಗೆ ಬಂದರು. ತೋಟದ ರೈಟರ ಹೆಂಡತಿ ಮೊದಲ ಸುತ್ತಿನಲ್ಲಿ ಬೆರಳ ತುದಿಯನ್ನಷ್ಟೇ ಕೊಟ್ಟರು. ವೃತ್ತ ತಿರುಗಿ ಮತ್ತೆ ಎದುರಾದಾಗ ಅಂಗೈ ಪೂರ್ತಿ ಕೊಟ್ಟು, ನಾನು ತಡವಾದರೆ ತಾವೇ ಎಳೆದುಕೊಂಡರು. ನಾನು ಕೋಲಾಟ ಕಲಿಸುವವಳು. ಕೋಪು, ಅಂದರೆ ಕೋಲಾಟದ ವಿನ್ಯಾಸ, ಹೆಣೆಯುವಾಗ ನಮ್ಮಲ್ಲೂ ಎದುರಿನವರು ಬದಲಾಗುತ್ತಾರೆ, ಆದರೆ ಅಲ್ಲಿ ತಾಗುವುದು ಕೋಲಿಗೆ ಕೋಲು. ಇಲ್ಲಿ ಕೈಗೆ ಕೈ. ಅಪರಿಚಿತರ ಸಂಕೋಚ ಇಷ್ಟು ಬೇಗ ಕರಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊರತೆಯೂ ಇದೆ. ದೀಪ ಒಂದೇ ಮೂಲೆಯಲ್ಲಿದ್ದು ಅರ್ಧ ವೃತ್ತ ಕತ್ತಲಲ್ಲಿತ್ತು. ‘ಡ್ಯಾಶಿಂಗ್ ವೈಟ್ ಸಾರ್ಜೆಂಟ್’ ಕುಣಿತವನ್ನು ಊಟದ ಗಡಿಬಿಡಿಯಲ್ಲಿ ಮುಗಿಸಿಬಿಟ್ಟರು. ಮೂವರ ಗುಂಪು ಇನ್ನೊಂದು ಮೂವರ ಗುಂಪಿಗೆ ಎದುರಾಗಿ ಕುಣಿದು, ದಾಟಿ ಹೊಸ ಮೂವರನ್ನು ಸೇರುವ ಅದಕ್ಕೆ ಒಂದು ಸಂಜೆಯೇ ಬೇಕು.

ಕಣದ ಸಿಮೆಂಟು ಒರಟು. ಬರಿಗಾಲು ಬೇಡ, ಮೆತ್ತನೆಯ ಬೂಟು ಹಾಕಿಕೊಳ್ಳಿ. ಸೀರೆಗಿಂತ ಚೂಡಿದಾರ್ ಅನುಕೂಲ. ಆಯೋಜಕರು ಸಾರ್ಜೆಂಟಿಗೆಂದೇ ಒಂದು ಶನಿವಾರ ಮೀಸಲಿಟ್ಟರೆ ನಮ್ಮ ಕೋಲಾಟದ ತಂಡವನ್ನೆಲ್ಲ ಕರೆತರುತ್ತೇನೆ.