ನ್ಯಾಮ್ ಮಾಡ್ ಜೊತೆ ಮೂರು ವರ್ಷ, ಇನ್ನೂ ಘಟ್ಟ ಇಳಿದಿಲ್ಲ

ನನ್ನ ಲ್ಯಾಪ್‌ಟಾಪ್ ಹಳೆಯದು. ಹೊಸ ಆಟ ಹಾಕಿದರೆ ಫ್ಯಾನ್ ಓಡುತ್ತದೆ, ಆಟ ಓಡುವುದಿಲ್ಲ. ಹಾಗಾಗಿ 2003ರ ಸಿಮ್‌ಸಿಟಿ 4 ಎಂಬ ಊರು ಕಟ್ಟುವ ಆಟದಲ್ಲೇ ನಮ್ಮ ಶಿರಸಿ ಕಟ್ಟುತ್ತಾ ಕೂತಿದ್ದೇನೆ. ಆಟವನ್ನು ಸೇಲ್‌ನಲ್ಲಿ ಅಗ್ಗಕ್ಕೆ ಕೊಂಡೆ. ಅದರ ಮೇಲೆ ಹಾಕಿಕೊಂಡ ನೆಟ್‌ವರ್ಕ್ ಆಡಾನ್ ಮಾಡ್, ಅಂದರೆ ನ್ಯಾಮ್, ಆಟಕ್ಕೆ ಹೊಸ ಬಗೆಯ ರಸ್ತೆಗಳನ್ನು ಸೇರಿಸುವ ಜೋಡಣೆ. ಪೂರ್ತಿ ಪುಕ್ಕಟೆ. ಕಂಪನಿಯವರು ಮಾಡಿದ್ದಲ್ಲ. ಆಟದ ಹುಚ್ಚಿರುವವರು 2004ರಿಂದ ಬಿಡುವಿನಲ್ಲಿ ಕೂತು ಮಾಡುತ್ತಿರುವುದು.

ಮೂಲ ಆಟದಲ್ಲಿ ರಸ್ತೆ ನೇರ ಹೋಗುತ್ತದೆ, ಇಲ್ಲವೇ 45 ಡಿಗ್ರಿ ಓರೆಗೆ ಹೋಗುತ್ತದೆ. ಅಷ್ಟೇ. ಅದನ್ನಿಟ್ಟುಕೊಂಡು ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ ಮಾಡಿ ನೋಡೋಣ! ನ್ಯಾಮ್‌ನಲ್ಲಿ ಅಗಲ ತಿರುವಿನ ತುಂಡುಗಳಿವೆ, ನೇರಕ್ಕೂ 45 ಡಿಗ್ರಿಗೂ ನಡುವಿನ ಓರೆ ರಸ್ತೆಗಳೂ ಇವೆ. ನಾನು ಮಾರುಹೋಗಿದ್ದು ಅಲ್ಲೇ.

ರಾತ್ರಿ ಊಟ ಮುಗಿದು, ಆಯಿ ಕೊಟ್ಟ ಕಷಾಯದ ಲೋಟ ಎಡಗಡೆ ಇಟ್ಟುಕೊಂಡು ಕೂರುತ್ತೇನೆ. ಟ್ಯಾಬ್ ಒತ್ತಿದರೆ ತುಂಡು ಬದಲಾಗುತ್ತದೆ. ಹೋಮ್, ಎಂಡ್ ಒತ್ತಿದರೆ ತಿರುಗುತ್ತದೆ. ಟ್ಯಾಬ್, ಟ್ಯಾಬ್, ಹೋಮ್, ಥೋ ಇದಲ್ಲ, ಮತ್ತೆ ಟ್ಯಾಬ್. ಸರಿಯಾದದ್ದು ಸಿಕ್ಕಿ ಹಿಂದಿನ ರಸ್ತೆಗೆ ಕೂಡಿಕೊಂಡಾಗ ಆಗುವ ಖುಷಿ ಹೇಳಲಾರೆ. ಒಂದು ರಾತ್ರಿಗೆ ಒಂದೇ ತಿರುವು. ಮಳೆಗಾಲದಲ್ಲಿ ಅದೂ ಇಲ್ಲ. ಕರೆಂಟ್ ಹೋಗುವ ಹೆದರಿಕೆಯಲ್ಲಿ ಸೇವ್ ಮಾಡುವುದೇ ಕೆಲಸ.

ಕಿರಿಕಿರಿ ಶುರುವಾಗಿದ್ದು ಇಳಿಜಾರಿನಲ್ಲಿ. ಈ ತುಂಡುಗಳು ಕೂತ ಕಡೆ ನೆಲವನ್ನು ಸಪಾಟು ಮಾಡಿಬಿಡುತ್ತವೆ. ಪಕ್ಕದಲ್ಲಿ ಗುಡ್ಡ ಕಡಿದ ಹಾಗೆ ಗೋಡೆ ಏಳುತ್ತದೆ. ಮೂರು ತಿಂಗಳ ಕೆಲಸವನ್ನು ಅಪ್ಪಯ್ಯ ಇಣುಕಿ ನೋಡಿ, "ಇದೆಂತ ತಮಾ, ಘಟ್ಟಕ್ಕೆ ಮೆಟ್ಲು ಕಟ್ಟಿದ್ಯಾ?" ಅಂದರು. ಅವತ್ತೇ ಎಲ್ಲ ಕೆಡವಿದೆ. ಒಂದು ವಾರ ಆಟ ತೆರೆಯಲೇ ಇಲ್ಲ.

ಆಮೇಲೆ ದಾರಿ ಸಿಕ್ಕಿತು. ಮೊದಲು ಮಾಮೂಲಿ ರಸ್ತೆಯನ್ನು ಗುಡ್ಡದ ಮೇಲೆ ಎಳೆಯಬೇಕು. ನೆಲ ನಯವಾಗುತ್ತದೆ. ಅದನ್ನು ಅಳಿಸಿ, ಅಲ್ಲಿ ತಿರುವು ಕೂರಿಸಬೇಕು. ಕೆಲಸ ಎರಡು ಪಟ್ಟು, ಆದರೆ ಘಟ್ಟ ಘಟ್ಟದ ಹಾಗೇ ಕಾಣುತ್ತದೆ.

ಇನ್ನೊಂದು ಮಾತು, ಟ್ರಾಫಿಕ್ ಬಗ್ಗೆ. ಮೂಲ ಆಟದ ಜನ ಹತ್ತಿರದ ದಾರಿಯನ್ನೇ ಹಿಡಿಯುತ್ತಾರೆ, ಅದೆಷ್ಟೇ ನಿಧಾನವಾಗಲಿ. ನನ್ನ ಶಿರಸಿಯಲ್ಲಿ ಮಾರಿಕಾಂಬಾ ಗುಡಿ ಬೀದಿ ದಿನವೂ ಜಾತ್ರೆ, ಹೊರಗಿನ ಅಗಲ ರಸ್ತೆ ಖಾಲಿ. ನ್ಯಾಮ್ ಹಾಕಿದ ಮೇಲೆ ಬೇಗ ಮುಟ್ಟುವ ದಾರಿಯನ್ನು ನೋಡಿ ಹೋಗುತ್ತಾರೆ. ಇದೊಂದಕ್ಕೇ ಹಾಕಿಕೊಳ್ಳಬಹುದು. ಆದರೆ ಹಾಕಿದ ಮೇಲೆ ತೆಗೆಯಬೇಡಿ, ಅದರ ರಸ್ತೆಗಳಿರುವ ಊರು ಕೆಡುತ್ತದೆ. ಮತ್ತೆ, ದಿನಕ್ಕೆ ಅರ್ಧ ಗಂಟೆ ಸುಮ್ನೆ ಆಡುವವರಿಗೆ ಇದು ಬೇಡ, ಕೈಪಿಡಿ ಓದುವುದರಲ್ಲೇ ಅರ್ಧ ಗಂಟೆ ಮುಗಿಯುತ್ತದೆ.

ರಾಗಿಹೊಸಳ್ಳಿ ದಾಟಿ ಘಟ್ಟದ ನಡುವೆ ಇದ್ದೇನೆ, ಘಟ್ಟದ ಬುಡದ ಕತಗಾಲ ಇನ್ನೂ ದೂರ. ಬೆಳಿಗ್ಗೆ ಚಾ ಕುಡಿಯುವಾಗ ಅಪ್ಪಯ್ಯನ ಮೊದಲ ಪ್ರಶ್ನೆ ಈಗ, "ಕತಗಾಲ ಬಂತಾ?"